ಭದ್ರಾವತಿಗೆ ಒಯ್ದ ನಾಲ್ಕು ಸೊನ್ನೆಗಳು

ಆಶ್ವಯುಜ ಶುದ್ಧ ಸಪ್ತಮಿಯ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ನಾನು ಹೊಳಲೂರಿನಿಂದ ಹೊರಟೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನವರಾತ್ರಿಯಲ್ಲಿ ದೇವರ ಮುಂದಿನಿಂದ ಎದ್ದು ಊರು ಬಿಡುವ ಅಭ್ಯಾಸ ನನ್ನದಲ್ಲ. ಸಪ್ತಮಿಯಂದು ನಮ್ಮ ಮನೆಯಲ್ಲಿ ಪುಸ್ತಕಗಳನ್ನೆಲ್ಲ ಪೂಜೆಗಿಡುವ ಪದ್ಧತಿಯಿದೆ. ಇಟ್ಟ ಮೇಲೆ ವಿಜಯದಶಮಿಯವರೆಗೆ ಓದುವಂತಿಲ್ಲ, ಬರೆಯುವಂತಿಲ್ಲ. ಅಂದು ಪೀಠದ ಮೇಲಿಟ್ಟಿದ್ದ ಪುಸ್ತಕಗಳ ನಡುವಿನಿಂದ ಒಂದು ನೋಟುಪುಸ್ತಕವನ್ನು ಎಳೆದುಕೊಂಡು, ನೈವೇದ್ಯದ ಹಾಲನ್ನಷ್ಟೇ ಕುಡಿದು, ಎರಡು ಬಾಳೆಹಣ್ಣು ಮತ್ತು ಕೊಡೆಯೊಂದಿಗೆ ರಸ್ತೆಗೆ ಬಂದೆ. ಮಧ್ಯಾಹ್ನ ಮೂರರೊಳಗೆ ಭದ್ರಾವತಿಯ ಕೃಷಿ ಕಚೇರಿಯನ್ನು ಮುಟ್ಟಲೇಬೇಕಾಗಿತ್ತು.

ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ಮೇಲೆ ನನಗೊಂದು ಹೊಸ ಕೆಲಸ ಅಂಟಿಕೊಂಡಿತ್ತು. ಆ ವರ್ಷದ ಮಳೆಗಾಲದಲ್ಲಿ ಭದ್ರಾವತಿಯ ಕಚೇರಿಯಿಂದ ಕೀಟ ಸಮೀಕ್ಷೆಯ ವನಜಾಕ್ಷಿ ಎಂಬ ಹೆಣ್ಣುಮಗಳು ಬಂದು, ನಮ್ಮ ಹಿತ್ತಿಲಿನ ಅಂಚಿನಲ್ಲಿ, ಗದ್ದೆ ಬಯಲಿಗೆ ಎದುರಾಗಿ, ಒಂದು ಬೆಳಕಿನ ಬಲೆ ಹಾಕಿದ್ದಳು. ಅದೇನೂ ದೊಡ್ಡ ಯಂತ್ರವಲ್ಲ. ಒಂದು ಬಲ್ಬು, ಅದರ ಕೆಳಗೊಂದು ತಗಡಿನ ಆಲಿಕೆ, ಅದರ ಕೆಳಗೆ ಸೀಮೆಎಣ್ಣೆ ಬೆರೆಸಿದ ನೀರಿನ ಬೋಗುಣಿ. ಮುಸ್ಸಂಜೆಗೆ ಬಲ್ಬು ಹಚ್ಚಬೇಕು. ಬೆಳಗಾದ ಮೇಲೆ ಬೋಗುಣಿಯಲ್ಲಿ ಬಿದ್ದು ಸತ್ತ ಹುಳಗಳನ್ನು ಜಾತಿವಾರು ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ವಾರಕ್ಕೊಮ್ಮೆ ಆ ಸಂಖ್ಯೆಗಳನ್ನು ಕಾರ್ಡಿನಲ್ಲಿ ಕಳುಹಿಸಬೇಕು. "ನೀವು ಬೆಳಿಗ್ಗೆ ಬೇಗ ಏಳ್ತೀರಿ, ಅಕ್ಷರ ಮುತ್ತಿನ ಹಾಗಿದೆ. ನಿಮಗಿಂತ ಬೇರೆಯವರು ಬೇಕಾ ಮೇಷ್ಟ್ರೇ?" ಎಂದಿದ್ದಳು. ಭತ್ತಕ್ಕೆ ಯಾವ ಹುಳ ಯಾವಾಗ ಏರುತ್ತದೆಂಬುದನ್ನು ಈ ಲೆಕ್ಕದಿಂದಲೇ ತಿಳಿದು ಊರೂರಿಗೆ ಸಲಹೆ ಕೊಡುತ್ತಾರೆಂದು ಕೇಳಿದಾಗ, ಅನ್ನ ಬೆಳೆಯುವವರ ಸೇವೆಯೆಂದು ಒಪ್ಪಿಕೊಂಡೆ.

ಒಪ್ಪಿದರೂ ಮನಸ್ಸಿನಲ್ಲೊಂದು ಮುಳ್ಳು ಉಳಿದಿತ್ತು. ದಿನವೂ ನೂರಾರು ಜೀವಗಳು ನಾನು ಹಚ್ಚಿದ ದೀಪಕ್ಕೆ ಬಂದು ಸಾಯುತ್ತಿದ್ದವು. ಎಣಿಸಿ ಮುಗಿದ ಮೇಲೆ ಸ್ನಾನ ಮಾಡಿ, ಅವುಗಳ ಹೆಸರಿನಲ್ಲಿ ಒಂದು ಅರ್ಘ್ಯ ಬಿಟ್ಟು ಜಪಕ್ಕೆ ಕೂರುತ್ತಿದ್ದೆ. ಏಕಾದಶಿಯಂದು ಮತ್ತು ಪರ್ವದಿನಗಳಲ್ಲಿ ಮಾತ್ರ ಬಲ್ಬನ್ನು ಮುಟ್ಟುತ್ತಿರಲಿಲ್ಲ. ಪುಸ್ತಕದ ಅಂಕಣ ಖಾಲಿ ಬಿಡಲು ಮನಸ್ಸಾಗದೆ ಅಲ್ಲಿ ಸೊನ್ನೆ ಬರೆಯುತ್ತಿದ್ದೆ. ಆ ರಾತ್ರಿ ನನ್ನ ಕೈಯಿಂದ ಸತ್ತ ಜೀವಗಳು ಸೊನ್ನೆ. ಅದು ಸತ್ಯವೇ ಆಗಿತ್ತು. ಆ ಅಂಕಣವನ್ನು ನಾನು ನನ್ನ ಪಾಪದ ಲೆಕ್ಕವೆಂದು ತಿಳಿದಿದ್ದೆ. ಅದು ಹುಳಗಳ ಲೆಕ್ಕವೆಂಬುದು ಹೊಳೆಯಲಿಲ್ಲ.

ಪಿತೃಪಕ್ಷದ ಕೊನೆಯ ವಾರದಲ್ಲಿ ಏಕಾದಶಿ, ತಂದೆಯವರ ಶ್ರಾದ್ಧದ ಹಿಂದಿನ ದಿನ, ಶ್ರಾದ್ಧದ ದಿನ, ಮಹಾಲಯ ಅಮಾವಾಸ್ಯೆ ಹೀಗೆ ನಾಲ್ಕು ರಾತ್ರಿ ದೀಪ ಹಚ್ಚಲಿಲ್ಲ. ಕಾರ್ಡಿನಲ್ಲಿ ನಾಲ್ಕು ಸೊನ್ನೆ ಹೋದವು. ಪಾಡ್ಯದಿಂದ ಮತ್ತೆ ಹಚ್ಚಿದಾಗ ಬೋಗುಣಿಯ ನೀರೇ ಕಾಣದಷ್ಟು ಹುಳ ಬಿದ್ದಿತ್ತು. ಎಣಿಸಿದೆ, ಬರೆದೆ. ಆ ಕಾರ್ಡು ಹೋಗಬೇಕಾದದ್ದು ಮರುವಾರ.

ಸಪ್ತಮಿಯ ಮುಂಜಾನೆ ಗದ್ದೆಯ ನೆರೆಯವರಾದ ರಹಮತ್ ಸಾಹೇಬರು ಬಾಗಿಲಿಗೆ ಬಂದರು. ಮೂರು ಎಕರೆ ಭತ್ತ ಅವರದು. ವರ್ಷದ ಊಟವೂ ಅದೇ, ಮಗಳ ಮದುವೆಯ ಆಸೆಯೂ ಅದೇ.

"ಮೇಷ್ಟ್ರೇ, ಸೊಸೈಟಿ ಬೋರ್ಡಿಗೆ ನೋಟೀಸ್ ಹಾಕಿದಾರೆ. ಹೊಳಲೂರು ಕಡೆ ಜಿಗಿಹುಳದ ಕಾಟ ಕಮ್ಮಿ ಆಗಿದೆ, ಗದ್ದೆ ನೀರು ಬಸಿಯೋದು ಬೇಡ ಅಂತ. ಇವತ್ತು ಸಂಜೆ ರೇಡಿಯೋದಲ್ಲೂ ಹೇಳ್ತಾರಂತೆ. ನನ್ನ ಗದ್ದೆ ನೋಡಿದ್ರೆ ಬೇರೆನೇ ಹೇಳ್ತಿದೆ. ಸ್ವಲ್ಪ ಬರ್ತೀರಾ?"

ಹೋದೆ. ಹಸಿರು ಪೈರಿನ ನಡುವೆ ಒಂದು ಕೋಣೆಯಷ್ಟು ಜಾಗ ಬೆಂಕಿಯ ಝಳ ತಾಗಿದಂತೆ ಒಣಗಿ ನಿಂತಿತ್ತು. ರಹಮತ್ ಸಾಹೇಬರು ಪಕ್ಕದ ಬುಡವೊಂದನ್ನು ಬಿಡಿಸಿ ತೋರಿಸಿದರು. ನೀರಿನಿಂದ ಒಂದು ಗೇಣು ಮೇಲೆ, ಕಾಂಡಕ್ಕೆ ಎಳ್ಳು ಮೆತ್ತಿದಂತೆ ಕಂದು ಜಿಗಿಹುಳ. ನನ್ನ ನಾಲ್ಕು ಸೊನ್ನೆಗಳು ಅಲ್ಲಿ ಕುಳಿತು ರಸ ಹೀರುತ್ತಿದ್ದವು.

"ಗದ್ದೆಯ ನೀರು ಹೊರಗೆ ಬಿಟ್ಟುಬಿಡಿ, ಬುಡ ಒಣಗಿದರೆ ಹುಳ ನಿಲ್ಲುವುದಿಲ್ಲ" ಎಂದೆ.

"ಬಿಟ್ರೆ ನಾಲೆ ನೀರಿನ ಸರದಿ ಮತ್ತೆ ಬರೋದು ಎಂಟು ದಿನಕ್ಕೆ. ತೆನೆ ಒಡೆಯೋಕೆ ಮುಂಚೆ ಹೊಡೆ ತುಂಬಿರೋ ಟೈಮು ಮೇಷ್ಟ್ರೇ. ಆಫೀಸಿನವರೇ ಬೇಡ ಅಂತಿರುವಾಗ ನಾನು ಹೆಂಗೆ ಬಿಡ್ಲಿ? ಅದೂ ನಿಮ್ಮ ಲೆಕ್ಕ ನೋಡಿ ಹೇಳಿರೋದು. ನಿಮ್ಮ ಲೆಕ್ಕ ತಪ್ಪಾಗಲ್ಲ."

ಆಗಲೇ ಹೇಳಬೇಕಾಗಿತ್ತು. ನಾಲಿಗೆ ಏಳಲಿಲ್ಲ. "ಭದ್ರಾವತಿಗೆ ಹೋಗಿ ಕೇಳಿಕೊಂಡು ಬರುತ್ತೇನೆ" ಎಂದಷ್ಟೇ ಹೇಳಿ ಮನೆಗೆ ಓಡಿದೆ. ಸಂಜೆ ಓದುವ ಸೂಚನೆಯ ಕಾಗದ ಮಧ್ಯಾಹ್ನ ಮೂರಕ್ಕೇ ಭದ್ರಾವತಿಯ ರೇಡಿಯೋ ನಿಲಯ ಸೇರುತ್ತದೆಂದು ವನಜಾಕ್ಷಿ ಹಿಂದೊಮ್ಮೆ ಹೇಳಿದ್ದಳು. ಅಂಚೆಮನೆಯಿಂದ ಕಚೇರಿಗೆ ಫೋನು ಮಾಡಿಸಿದೆ. ಅತ್ತ ಗಂಟೆ ಬಡಿದುಕೊಳ್ಳುತ್ತಲೇ ಇತ್ತು, ಎತ್ತುವವರಿರಲಿಲ್ಲ.

ಬಸ್ಸು ಬಂದದ್ದು ಒಂಬತ್ತಕ್ಕೆ. ಬಂದದ್ದು ಹೊರಡಲಿಲ್ಲ. ಶಿವಮೊಗ್ಗದ ಮಾರುಕಟ್ಟೆಗೆ ಹೋಗುವ ಚೆಂಡುಹೂವಿನ ಮೂಟೆಗಳನ್ನು ಮೇಲೇರಿಸುವ ಕೆಲಸ ನಡೆದೇ ಇತ್ತು. ನಾನು ಮೂರು ಸಲ ಕಂಡಕ್ಟರನ ಮುಖ ನೋಡಿದೆ. ನಾಲ್ಕನೆಯ ಸಲ ಆತನೇ ಹೇಳಿದ: "ಕುಂತ್ಕಳಿ ಮೇಷ್ಟ್ರೇ. ದೇವಿಗೆ ಹೋಗೋ ಹೂವು, ಬಿಟ್ಟು ಹೋದ್ರೆ ನೀವೇ ಬೈತೀರಿ." ಹೋಗಿ ಕುಳಿತೆ.

ದಾರಿಯುದ್ದಕ್ಕೂ ಎರಡೂ ಬದಿಗೆ ಗದ್ದೆ. ಮೊದಲಾದರೆ ಆ ಹಸಿರನ್ನು ನೋಡುತ್ತ ಸಹಸ್ರನಾಮ ಮುಗಿಸುತ್ತಿದ್ದೆ. ಅಂದು ಒಂದು ನಾಮದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಕಣ್ಣು ಎಲ್ಲಾದರೂ ಹಳದಿಯ ಮೇಲೆ ಬೀಳುತ್ತಿತ್ತು. ಇದು ಬೇಗ ಹಣ್ಣಾದ ಪೈರೋ, ಸುಟ್ಟದ್ದೋ? ಬಸ್ಸು ಮುಂದೆ ಹೋಗಿಬಿಡುತ್ತಿತ್ತು. ತುಸು ದೂರ ಹೋದ ಮೇಲೆ ಇನ್ನೊಂದು ಹಳದಿ. ಎಲ್ಲಿ ಬಿಟ್ಟೆನೆಂಬುದು ತಪ್ಪಿ ಧ್ಯಾನಶ್ಲೋಕದಿಂದ ಮತ್ತೆ ಆರಂಭಿಸಿದೆ. ಮತ್ತೆ ತಪ್ಪಿತು. ಕೊನೆಗೆ ಕೈಮುಗಿದು ನಿಲ್ಲಿಸಿದೆ.

ಶಿವಮೊಗ್ಗದ ನಿಲ್ದಾಣ ತಲುಪಿದಾಗ ಹತ್ತು ಗಂಟೆ ಹತ್ತು ನಿಮಿಷ. ಎದುರಿನ ಎಸ್‌ಟಿಡಿ ಬೂತಿನಿಂದ ಮತ್ತೆ ಫೋನು ಹಚ್ಚಿಸಿದೆ. ಬೂತಿನಲ್ಲಿದ್ದ ಹೆಂಗಸು ನಾಲ್ಕು ಸಲ ತಿರುಗಿಸಿ, "ಲೈನು ಸತ್ತಿದೆ ಅಜ್ಜಾರೇ, ನಿನ್ನೆ ಮಳೆಗೆ. ಬಸ್ಸಲ್ಲಿ ಹೋದ್ರೆ ಇದಕ್ಕಿಂತ ಬೇಗ ಮುಟ್ತೀರಿ" ಎಂದು ರಿಸೀವರ್ ಇಟ್ಟಳು. ಭದ್ರಾವತಿಗೆ ಕಾಲು ಗಂಟೆಗೊಂದು ಬಸ್ಸುಂಟು. ಐದೂವರೆ ರೂಪಾಯಿ ಟಿಕೆಟ್ಟು, ಮುಕ್ಕಾಲು ಗಂಟೆಯೊಳಗಿನ ಪಯಣ. ನನ್ನ ಪಾಲಿಗೆ ಬಂದದ್ದು ಮಾತ್ರ ಮಾಚೇನಹಳ್ಳಿ ದಾಟಿದ ಮೇಲೆ ಟಯರು ಪಂಕ್ಚರಾದ ಬಸ್ಸು.

ಎಲ್ಲರೂ ಇಳಿದು ರಸ್ತೆಯ ಬದಿಗೆ ನಿಂತೆವು. ತುಂತುರು ಹನಿಯುತ್ತಿತ್ತು. ನನ್ನ ಕೊಡೆಯೊಳಗೆ ಇನ್ನೊಬ್ಬರು ಬಂದು ನಿಂತರು. ನಲವತ್ತೈದರ ಆಸುಪಾಸಿನ ಮನುಷ್ಯ, ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ. ಮನೆಮಾತು ತಮಿಳು, ಹೆಸರು ಮುರುಗೇಶ್ ಎಂದು ತಾವೇ ಹೇಳಿದರು. ನಾನು ಮತ್ತೆ ಮತ್ತೆ ಗಡಿಯಾರ ನೋಡುವುದನ್ನು ಕಂಡು, "ಏನು ಸಾಮಿ, ಆಸ್ಪತ್ರೆ ವಿಷಯವಾ?" ಎಂದು ಕೇಳಿದರು. ಬೆಳಿಗ್ಗೆ ರಹಮತ್ ಸಾಹೇಬರ ಮುಂದೆ ಏಳದ ನಾಲಿಗೆ ಈ ಅಪರಿಚಿತರ ಮುಂದೆ ಸಲೀಸಾಗಿ ಎದ್ದಿತು. ಎಲ್ಲವನ್ನೂ ಹೇಳಿದೆ.

ಅವರು ಗಮನವಿಟ್ಟು ಕೇಳಿದರು. ಆಮೇಲೆ ಜೋರಾಗಿ ನಕ್ಕುಬಿಟ್ಟರು.

"ತಪ್ಪು ತಿಳ್ಕೋಬೇಡಿ ಸಾಮಿ. ಉಪವಾಸ ನಿಮಗೆ, ಹುಳಕ್ಕೆ ಯಾರಾದ್ರೂ ಹೇಳಿದ್ರಾ ಇವತ್ತು ಏಕಾದಶಿ ಅಂತ?" ನಗು ಇಳಿದ ಮೇಲೆ ದನಿ ಬದಲಾಯಿತು. "ನಮ್ಮ ಕುಲುಮೆ ಹತ್ರ ಒಂದು ಮೀಟರು ಇದೆ. ಗಂಟೆಗೊಂದು ಸಲ ಬರೀಬೇಕು. ಮೀಟರು ಕೆಟ್ಟಿದ್ರೆ 'ನೋಡಿಲ್ಲ' ಅಂತ ಬರೀತೀವಿ, ಸೊನ್ನೆ ಬರೆಯೋ ಹಾಗಿಲ್ಲ. ಸೊನ್ನೆ ಅಂದ್ರೆ ಕುಲುಮೆ ಆರಿದೆ ಅಂತ. ಮುಂದಿನ ಪಾಳಿಯವನು ಅದನ್ನ ನಂಬಿ ಬಾಗಿಲು ತೆಗೆದ್ರೆ ಮುಖ ಸುಟ್ಟೋಗ್ತದೆ."

ಸಂಸ್ಕೃತ ವ್ಯಾಕರಣದಲ್ಲಿ ಬಿಟ್ಟುಹೋದ ಅಕ್ಷರಕ್ಕೂ 'ಲೋಪ' ಎಂಬ ಸಂಜ್ಞೆ ಕೊಟ್ಟು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ನೋಡಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ಮಾಚೇನಹಳ್ಳಿಯ ರಸ್ತೆಯಲ್ಲಿ, ಮಳೆಯಲ್ಲಿ ನಿಂತು ಕಲಿಯಬೇಕಾಯಿತು.

ಭದ್ರಾವತಿಗೆ ಬಂದಾಗ ಹನ್ನೆರಡೂವರೆ. ರೈಲುಗೇಟು ಹಾಕಿತ್ತು. ಕಾಗದದ ಕಾರ್ಖಾನೆಯ ಕಡೆಯಿಂದ ಎಂದಿನ ಹುಳಿವಾಸನೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಗೇಟು ತೆರೆಯುವುದನ್ನು ಕಾಯದೆ ಮುರುಗೇಶ್ ನನ್ನ ಕೈಹಿಡಿದು ಹಳಿ ದಾಟಿಸಿ, ಆ ಬದಿಯ ಆಟೋದಲ್ಲಿ ಕೂರಿಸಿ, ಚಾಲಕನಿಗೆ ತಮಿಳಿನಲ್ಲಿ ಏನೋ ಹೇಳಿ ಕಳುಹಿಸಿದರು. ಮಾಧ್ಯಾಹ್ನಿಕದ ಹೊತ್ತು ಆಟೋದಲ್ಲೇ ಕಳೆಯಿತು. ಭದ್ರೆಯ ಸೇತುವೆ ದಾಟುವಾಗ ಕೆಂಪಗೆ ತುಂಬಿ ಹರಿಯುತ್ತಿದ್ದ ನದಿಗೆ ಕೂತಲ್ಲಿಂದಲೇ ನಮಸ್ಕರಿಸಿ, ಕ್ಷಮಿಸೆಂದು ಕೇಳಿಕೊಂಡೆ.

ಕಚೇರಿಯಲ್ಲಿ ವನಜಾಕ್ಷಿ ಇರಲಿಲ್ಲ. ಒಬ್ಬ ಜವಾನರು ಮಾತ್ರ ಊಟದ ಡಬ್ಬಿ ತೆರೆಯುತ್ತ ಕುಳಿತಿದ್ದರು.

"ಮೇಡಮ್ಮು ನಾಲೆ ಆಚೆ ಗದ್ದೆಗೆ ಹೋಗಿದಾರೆ. ರೇಡಿಯೋ ಕಾಗದ ಆಗಲೇ ಟೈಪಾಗಿದೆ. ಊಟ ಮುಗಿಸಿ ನಾನೇ ತಗೊಂಡು ಹೋಗೋನು."

"ಅದರಲ್ಲಿ ತಪ್ಪಿದೆ. ನಾನು ಬರುವವರೆಗೆ ದಯವಿಟ್ಟು ಒಯ್ಯಬೇಡಿ."

"ಮೂರಕ್ಕೆ ಅಲ್ಲಿರಬೇಕು ಸ್ವಾಮಿ. ಎರಡೂವರೆವರೆಗೆ ಕಾಯ್ತೀನಿ. ಆಮೇಲೆ ನನ್ನ ಬೈಬೇಡಿ."

ಅದೇ ಆಟೋ ಹಿಡಿದು ನಾಲೆಯ ಏರಿಗೆ ಹೋದೆ. ದೂರದಲ್ಲಿ ಒಂದು ಬದುವಿನ ಮೇಲೆ ವನಜಾಕ್ಷಿ ಕಂಡಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉದ್ದ ಕೋಲಿನ ಕೈಬಲೆಯನ್ನು ಕಳೆಹುಲ್ಲಿನ ಮೇಲೆ ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುತ್ತಿದ್ದಳು. ಇಪ್ಪತ್ತೈದು ಬೀಸು ಮುಗಿದ ಮೇಲೆ ಬಲೆಯ ಬಾಯಿ ಮುಚ್ಚಿ, ಒಳಗಿರುವುದನ್ನು ಬೆರಳಿನಿಂದ ಬಿಡಿಸಿ ನೋಡುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾದಳು.

"ಮೇಷ್ಟ್ರೇ! ಇಷ್ಟು ದೂರ? ಏನಾಯ್ತು?"

ನೋಟುಪುಸ್ತಕ ಬಿಚ್ಚಿ ನಾಲ್ಕು ಸೊನ್ನೆಗಳನ್ನು ತೋರಿಸಿದೆ. ಹೇಳಿದೆ. ಅವಳು ಪುಟವನ್ನೇ ನೋಡುತ್ತ ನಿಂತಳು. ಬಲೆಯಿಂದ ಒಂದು ಹಸಿರು ಜಿಗಿಹುಳ ಹಾರಿ ಪುಟದ ಮೇಲೆ ಕುಳಿತು, ಮತ್ತೆ ಹಾರಿತು.

"ಶ್ರಾವಣದಲ್ಲೂ ಅಲ್ಲೊಂದು ಇಲ್ಲೊಂದು ಸೊನ್ನೆ ಇತ್ತು. ಮಳೆ ಜೋರಿರಬೇಕು ಅಂದ್ಕೊಂಡೆ" ಎಂದಳು. ಆಮೇಲೆ ದನಿ ಏರಿತು. "ಅಮಾವಾಸ್ಯೆ ಮೇಷ್ಟ್ರೇ! ಕತ್ತಲು ಹೆಚ್ಚಿದ್ದಷ್ಟೂ ಹುಳ ದೀಪಕ್ಕೆ ಬರೋದು. ವರ್ಷದಲ್ಲಿ ನನಗೆ ತುಂಬಾ ಬೇಕಾಗಿದ್ದ ರಾತ್ರಿ ಅದು. ಇಲ್ಲಿ ಬದುವಿನ ಹುಲ್ಲೆಲ್ಲ ತುಂಬಿದೆ, ನಿಮ್ಮ ಕಡೆ ಮಾತ್ರ ಯಾಕೆ ಇಳಿದಿದೆ ಅಂತ ಬೆಳಿಗ್ಗೆಯಿಂದ ತಲೆ ಕೆಡಿಸ್ಕೊಂಡು ಬಲೆ ಬೀಸ್ತಾ ಇದೀನಿ."

"ನನ್ನದು ದೊಡ್ಡ ಅಪರಾಧ, ತಾಯಿ."

"ಅಪರಾಧ ಆಮೇಲೆ ನೋಡಾಣ. ಇವತ್ತು ಬೆಳಿಗ್ಗೆ ಒಂದು ಬುಡದಲ್ಲಿ ಎಷ್ಟಿತ್ತು?"

ಎಣಿಸಿರಲಿಲ್ಲ. ಎಳ್ಳು ಮೆತ್ತಿದಂತಿತ್ತು ಎಂದೆ. "ಉಪಮೆ ಬೇಡ ಮೇಷ್ಟ್ರೇ, ನಂಬರ್ ಹೇಳಿ" ಎಂದಳು. ಶಿಷ್ಯರಿಗೆ ನಾನೇ ಹೇಳುತ್ತಿದ್ದ ಧಾಟಿಯಲ್ಲಿ ಒಬ್ಬರು ನನಗೆ ಹೇಳಿದ್ದು ಅದೇ ಮೊದಲು. ಅಲ್ಲೇ ಗದ್ದೆಗಿಳಿದು, ಬುಡದ ಪಕ್ಕ ಒಂದು ಬಿಳಿ ತಟ್ಟೆ ಹಿಡಿದು, ಪೈರನ್ನು ತಟ್ಟಿ, ಬಿದ್ದ ಹುಳಗಳನ್ನು ಅವು ಜಿಗಿಯುವುದರೊಳಗೆ ಎಣಿಸುವುದು ಹೇಗೆಂದು ತೋರಿಸಿದಳು. ಒಂದು ಬುಡಕ್ಕೆ ಹತ್ತು ದಾಟಿದರೆ ಸುಮ್ಮನಿರುವಂತಿಲ್ಲವಂತೆ. ನಾನು ನೋಡಿದ್ದು ಅದರ ಎರಡು ಪಟ್ಟಿಗೆ ಕಡಿಮೆಯಿಲ್ಲವೆಂದು ಆಗ ತಿಳಿಯಿತು. ಪಾಡ್ಯದ ನಂತರದ ನನ್ನ ಸಂಖ್ಯೆಗಳೂ ಅದನ್ನೇ ಹೇಳಿದವು.

"ಬಾಯಿಮಾತಿಗೆ ಕಾಗದ ಬದಲಾಯಿಸೋಕೆ ಆಗಲ್ಲ. ನೀವು ಪುಸ್ತಕದಲ್ಲಿ ತಿದ್ದಿ ಸಹಿ ಹಾಕಿ."

ಪೂಜೆಗಿಟ್ಟ ಪುಸ್ತಕ, ಬರೆಯಬಾರದ ದಿನ. ನಾಲೆಯ ಕಲ್ಲಿನ ಮೇಲೆ ಕುಳಿತು, ವಾಗ್ದೇವಿಯನ್ನು ಸ್ಮರಿಸಿ, ನಾಲ್ಕು ಸೊನ್ನೆಗಳನ್ನು ಹೊಡೆದುಹಾಕಿ ನಾಲ್ಕು ಸಲ 'ದೀಪ ಹಚ್ಚಲಿಲ್ಲ' ಎಂದು ಬರೆದೆ. ಅಕ್ಷರ ಮುತ್ತಿನಂತಿರಲಿಲ್ಲ.

ಆಟೋ ಹೊರಟುಹೋಗಿತ್ತು. "ಹಿಂದೆ ಕೂತ್ಕೊಳ್ಳಿ, ಬಲೆ ಹಿಡ್ಕೊಳ್ಳಿ" ಎಂದು ವನಜಾಕ್ಷಿ ತನ್ನ ಮೊಪೆಡ್ ಚಾಲೂ ಮಾಡಿದಳು. ಎಪ್ಪತ್ತರ ವಯಸ್ಸಿನಲ್ಲಿ, ಶಲ್ಯ ಹಾರಾಡಿಸುತ್ತ, ಭುಜದ ಮೇಲೆ ಹುಳ ಹಿಡಿಯುವ ಬಲೆ ಹೊತ್ತು ಭದ್ರಾವತಿಯ ರಸ್ತೆಯಲ್ಲಿ ಹೋದವನನ್ನು ಕಂಡು ಇಬ್ಬರು ಮೂವರು ನಿಂತು ನೋಡಿದರು. ಒಬ್ಬರು "ಎಲ್ಲಿಗೆ ಮಾರಾಯ್ರೇ, ಮೀನಿಗಾ?" ಎಂದೂ ಕೂಗಿದರು. ಕಚೇರಿ ಮುಟ್ಟಿದಾಗ ಎರಡು ಮೂವತ್ತೈದು. ಜವಾನರು ಲಕೋಟೆ ಕಂಕುಳಲ್ಲಿಟ್ಟು ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತಿದ್ದರು.

ಹೊಸ ಕಾಗದ ಹತ್ತು ನಿಮಿಷದಲ್ಲಿ ಟೈಪಾಯಿತು. ಓದಿ ನೋಡಿದೆ. 'ಹೊಳಲೂರಿನಲ್ಲಿ ನಾಲ್ಕು ರಾತ್ರಿ ದೀಪ ಉರಿಯದ ಕಾರಣ ಹಿಂದಿನ ಸೂಚನೆ ತಪ್ಪಾಗಿದೆ. ಕಂದು ಜಿಗಿಹುಳ ಹೆಚ್ಚಿದೆ. ರೈತರು ಕೂಡಲೇ ನೀರು ಬಸಿದು, ಸಾಲು ಬಿಡಿಸಿ, ಬುಡಕ್ಕೆ ಗಾಳಿ ಬಿಡಬೇಕು.' ನನ್ನ ಹೆಸರೂ ಇರಲಿಲ್ಲ, ನನ್ನ ವ್ರತವೂ ಇರಲಿಲ್ಲ. ಅವಳ ದಾಕ್ಷಿಣ್ಯ ನನಗೆ ಅರ್ಥವಾಯಿತು. ಹಗುರಾಗಬೇಕಾದ ಎದೆ ಹಗುರಾಗಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಯಾವ ಅಡ್ಡಿಯೂ ಆಗಲಿಲ್ಲ. ಆದರೂ ಎರಡು ಬಸ್ಸು ಬದಲಿಸಿ ಹೊಳಲೂರಿನಲ್ಲಿಳಿದಾಗ ಆರೂವರೆ ದಾಟಿತ್ತು. ಬಾಳೆಹಣ್ಣುಗಳು ಚೀಲದಲ್ಲೇ ಕಪ್ಪಾಗಿದ್ದವು. ಮನೆಗೆ ಹೋಗದೆ ನೇರವಾಗಿ ಗದ್ದೆಗೆ ನಡೆದೆ. ಬದುವಿನ ಮೇಲೆ ಟ್ರಾನ್ಸಿಸ್ಟರಿಟ್ಟು ರಹಮತ್ ಸಾಹೇಬರೂ ಅವರ ಹೆಂಡತಿಯೂ ನಿಂತಿದ್ದರು. ವಾಚಕರ ದನಿ ವನಜಾಕ್ಷಿಯ ವಾಕ್ಯಗಳನ್ನು ಓದಿ ಮುಗಿಸಿ, ಕಬ್ಬಿನ ವಿಷಯಕ್ಕೆ ಹೋಗಿತ್ತು. ಬೆಳಿಗ್ಗೆ ಕೋಣೆಯಷ್ಟಿದ್ದ ಒಣಕಲು ಜಾಗದ ಅಂಚು ಸಂಜೆಗೆ ಇನ್ನಷ್ಟು ಹಬ್ಬಿದಂತೆ ಕಂಡಿತು. ನನ್ನ ಭ್ರಮೆಯೂ ಇದ್ದೀತು.

"ನೀವು ಹೋಗಿದ್ದಕ್ಕೇ ಸರಿಯಾಯ್ತು ಮೇಷ್ಟ್ರೇ" ಎಂದು ರಹಮತ್ ಸಾಹೇಬರು ಗುದ್ದಲಿ ಎತ್ತಿಕೊಂಡರು. "ದೀಪ ಉರೀಲಿಲ್ಲ ಅಂದ್ರು. ಕರೆಂಟು ಹೋಗಿತ್ತಾ? ನಮ್ಮ ಬೀದೀಲಿ ಇದ್ದಂಗಿತ್ತಲ್ಲ."

ಹೌದೆಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಕರೆಂಟು ಇತ್ತು ಸಾಹೇಬರೇ. ನಾನೇ ಹಚ್ಚಲಿಲ್ಲ. ಏಕಾದಶಿ, ಅಪ್ಪನ ಶ್ರಾದ್ಧ, ಅಮಾವಾಸ್ಯೆ ಎಂದು ಸುಮ್ಮನಿದ್ದೆ. ಸುಮ್ಮನಿದ್ದು ಸೊನ್ನೆ ಬರೆದೆ. ಬೆಳಿಗ್ಗೆ ನಿಮ್ಮೆದುರು ನಿಂತಾಗಲೇ ಗೊತ್ತಿತ್ತು. ಹೇಳಲಿಲ್ಲ."

ಅವರ ಹೆಂಡತಿ ದಖ್ಖನಿ ಉರ್ದುವಿನಲ್ಲಿ ಏನೋ ಕೇಳಿದರು. ಸಾಹೇಬರು ಒಣಗಿದ ಭಾಗವನ್ನು ನೋಡಿದರು, ನನ್ನನ್ನು ನೋಡಿದರು.

"ರೋಜಾ ತಿಂಗಳಲ್ಲಿ ನಾನೂ ಬೇಕಾದಷ್ಟು ಕೆಲಸ ಬಿಡ್ತೀನಿ ಮೇಷ್ಟ್ರೇ. ಬಿಡೋದು ತಪ್ಪಲ್ಲ. ಬಿಟ್ಟಿದೀನಿ ಅಂತ ಪಕ್ಕದ ಗದ್ದೆಯವನಿಗೆ ಒಂದು ಮಾತು ಹೇಳ್ತೀನಿ." ಗುದ್ದಲಿಯಿಂದ ಬದುವಿಗೆ ಒಂದು ಏಟು ಹಾಕಿದರು. "ನಾಲ್ಕು ದಿನ ಮೊದಲು ಗೊತ್ತಾಗಿದ್ರೆ ಇಷ್ಟು ಹೋಗ್ತಿರಲಿಲ್ಲ."

"ಹೌದು, ಹೋಗುತ್ತಿರಲಿಲ್ಲ" ಎಂದೆ.

ಮತ್ತೆರಡು ಏಟಿಗೆ ಬದು ಬಾಯಿಬಿಟ್ಟಿತು. ನೀರು ಮೊದಲು ತಡೆದು, ಆಮೇಲೆ ಒಮ್ಮೆಲೇ ಕೆಳಗಿನ ಕಾಲುವೆಗೆ ಧುಮುಕಿತು. ಹುಲ್ಲು, ಕೆಸರು, ಕೊಚ್ಚಿಬಂದ ಹುಳಗಳು ಕಂಡಿಯಲ್ಲಿ ಸಿಕ್ಕಿಕೊಂಡು ಹರಿವು ಕಟ್ಟತೊಡಗಿತು. ಸಾಹೇಬರೂ ಅವರ ಹೆಂಡತಿಯೂ ಸಾಲು ಬಿಡಿಸಲು ಆಚೆ ತುದಿಗೆ ಹೋಗಬೇಕಾಗಿತ್ತು. ನಾನು ಪಂಚೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ ಕೆಸರಿಗಿಳಿದೆ.

"ಮೇಷ್ಟ್ರೇ, ನೀವು ಯಾಕೆ..."

"ನೀವು ನಡೆಯಿರಿ" ಎಂದೆ.

ಸಂಧ್ಯಾವಂದನೆಯ ಹೊತ್ತು ಅದು. ಕಂಡಿಗೆ ಅಡ್ಡ ಬಂದ ಹುಲ್ಲನ್ನು ಎರಡೂ ಕೈಯಿಂದ ಬಾಚಿ ಬಾಚಿ ಆಚೆಗೆಸೆಯುತ್ತ, ಗದ್ದೆ ಬರಿದಾಗುವವರೆಗೆ ಅಲ್ಲೇ ನಿಂತಿದ್ದೆ.